ರಕ್ತದ ಹನಿಗೊಂದು ಪ್ಲಾಸ್ಟಿಕ್ ಕಾಲುವೆ

ಮನೆಯ ಕಪಾಟಿನಲ್ಲಿ ಹಳೆಯ ಹಾಡಿನ ಸಿ.ಡಿ. ಒಂದಾದರೂ ಉಳಿದಿದ್ದರೆ ಬೆಳಕಿಗೆ ಹಿಡಿದು ನೋಡಿ. ಕಾಮನಬಿಲ್ಲಿನ ಬಣ್ಣ ಹೊಮ್ಮಿಸುವ ಆ ತಟ್ಟೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದರೊಳಗೆ ಸುರುಳಿಯಾಗಿ ಸಾಗುವ ಗುಳಿಗಳ ಸಾಲಿಗೂ ಸಾಲಿಗೂ ಇರುವ ಅಂತರ 1.6 ಮೈಕ್ರಾನ್. ನಮ್ಮ ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರಾನ್. ಒಂದು ರಕ್ತಕಣದ ಅಗಲದಲ್ಲಿ ಇಂಥ ನಾಲ್ಕು ಸಾಲು ಹಿಡಿಸುತ್ತವೆ! ನಿಕ್ಕಲ್ ಅಚ್ಚಿನ ಮೇಲೆ ಕರಗಿದ ಪ್ಲಾಸ್ಟಿಕ್ ಒತ್ತಿ ಇಷ್ಟು ಸೂಕ್ಷ್ಮ ಕೆಲಸವನ್ನು ಕಾರ್ಖಾನೆಗಳು ಕೋಟಿಗಟ್ಟಲೆ ಸಲ ಮಾಡಿವೆ. ಅಂದಮೇಲೆ ಅದೇ ರೀತಿ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ ಮೂಡಿಸಿ, ಅದರಲ್ಲಿ ಒಂದು ಹನಿ ರಕ್ತ ಹರಿಸಿ ರೋಗ ಪತ್ತೆ ಮಾಡುವುದು ಕಷ್ಟವೇನೂ ಆಗಬಾರದಿತ್ತು. ಆದರೆ ಕಷ್ಟವೇ ಆಗಿದೆ.

ಇಡೀ ಪ್ರಯೋಗಾಲಯವನ್ನು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು ಮಾಡಬಹುದು ಎಂದು 1990ರಲ್ಲಿ ಆಂಡ್ರಿಯಾಸ್ ಮಾಂಜ್ ಮತ್ತು ಸಂಗಡಿಗರು ಬರೆದರು. ಅವರಾಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ-ಗೈಗಿ ಕಂಪನಿಯಲ್ಲಿದ್ದರು. ಆಗ ಇಂಥ ಕಾಲುವೆಗಳಿರುವ ಚಿಪ್ ಎಂದರೆ ಸಿಲಿಕಾನ್, ಇಲ್ಲವೇ ಗಾಜು. ಒಬ್ಬ ರೋಗಿಗೆ ಬಳಸಿ ಬಿಸಾಡಬೇಕಾದ ವಸ್ತುವಿಗೆ ಅಷ್ಟು ದುಬಾರಿ ಸಾಮಗ್ರಿ ಎಲ್ಲಿ ಒಗ್ಗುತ್ತದೆ? 1998ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ಪಿ.ಡಿ.ಎಂ.ಎಸ್. ಎಂಬ ಸಿಲಿಕೋನ್ ರಬ್ಬರ್ ಬಳಸುವ ಸುಲಭದ ಹಾದಿ ತೋರಿಸಿತು. ಜೇನಿನಂತೆ ಮಂದವಾದ ದ್ರವವನ್ನು ಅಚ್ಚಿನ ಮೇಲೆ ಹೊಯ್ದು, ಓವನ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ತಟ್ಟೆಯಿಂದ ಇಡ್ಲಿ ಬಿಡಿಸಿದಂತೆ ಬಿಡಿಸಿದರೆ ಚಿಪ್ ಸಿದ್ಧ. ಜಗತ್ತಿನ ವಿಶ್ವವಿದ್ಯಾಲಯಗಳೆಲ್ಲ ಈ ರಬ್ಬರಿಗೆ ಮಾರುಹೋದವು.

ತೊಡಕು ಇರುವುದು ರಬ್ಬರಿನ ಗುಣದಲ್ಲೇ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ ಪಿ.ಡಿ.ಎಂ.ಎಸ್. ಮೇಲೂ ನೀರು ಹರಡದೆ ಹನಿಗಟ್ಟುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಕಾಲುವೆ ತಾನಾಗಿ ರಕ್ತವನ್ನು ಎಳೆದುಕೊಳ್ಳಬೇಕಾದರೆ ಅದರ ಮೈ ನೀರಿಗೆ ಒಲಿಯಬೇಕು. ಅದಕ್ಕೆಂದು ಆಮ್ಲಜನಕದ ಪ್ಲಾಸ್ಮಾ (ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ತಿನಿಂದ ಉದ್ದೀಪಿಸಿದ ಅನಿಲ) ತಾಗಿಸುತ್ತಾರೆ. ಆ ಕ್ಷಣಕ್ಕೆ ಹನಿ ಸರಸರನೆ ಹರಿಯುತ್ತದೆ. ಆದರೆ ಗಾಳಿಯಲ್ಲಿ ಕೆಲವು ದಿನ ಬಿಟ್ಟರೆ ರಬ್ಬರು ಹಳೆಯ ಗುಣಕ್ಕೇ ಮರಳುತ್ತದೆ. ರಕ್ತ ಬಾಗಿಲಲ್ಲೇ ನಿಂತುಬಿಡುತ್ತದೆ. ಸಾಲದ್ದಕ್ಕೆ ಈ ರಬ್ಬರು ಜಿಡ್ಡಿನ ಗುಣದ ಸಣ್ಣ ಅಣುಗಳನ್ನು ಹೀರಿಕೊಳ್ಳುತ್ತದೆ, ನೀರಿನ ಆವಿಯನ್ನು ಹೊರಬಿಡುತ್ತದೆ. ಪ್ರಯೋಗಾಲಯದಲ್ಲಿ ಚೆನ್ನಾಗಿ ನಡೆದ ಚಿಪ್ ಔಷಧಿ ಅಂಗಡಿಯ ಕಪಾಟಿನಲ್ಲಿ ಆರು ತಿಂಗಳು ಬಾಳುವುದಿಲ್ಲ. ಸಂಶೋಧನಾ ಪ್ರಬಂಧ ಮುಗಿಯುವಲ್ಲಿ ನಿಜವಾದ ಕೆಲಸ ಶುರುವಾಗುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಕಾರ್ಖಾನೆಗೆ ಹೊಂದುವುದು ಗಟ್ಟಿ ಪ್ಲಾಸ್ಟಿಕ್. ಅಲ್ಲೂ ಆಯ್ಕೆ ಸಲೀಸಲ್ಲ. ಅಕ್ರಿಲಿಕ್ ಅಗ್ಗ, ಗಾಜಿನಷ್ಟು ತಿಳಿ. ಆದರೆ 105 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ. ರೋಗಾಣುವಿನ ಡಿಎನ್ಎ ನಕಲು ಮಾಡಿ ಗುರುತಿಸುವ ಪಿಸಿಆರ್ ಪರೀಕ್ಷೆಗೆ ಮತ್ತೆ ಮತ್ತೆ 95 ಡಿಗ್ರಿಗೆ ಕಾಯಿಸಬೇಕು. ಅಷ್ಟು ಹತ್ತಿರ ಹೋಗಲು ಧೈರ್ಯ ಸಾಲದು. ಸೈಕ್ಲಿಕ್ ಓಲಿಫಿನ್ ಎಂಬ ಪ್ಲಾಸ್ಟಿಕ್ ಶಾಖ ತಡೆಯುತ್ತದೆ, ತಾನೇ ಮಿನುಗಿ ಅಳತೆಯನ್ನು ಕೆಡಿಸುವುದೂ ಕಡಿಮೆ, ಬೆಲೆ ಮಾತ್ರ ಹೆಚ್ಚು. ಇನ್ನು ಕಾಲುವೆಯ ಮುಚ್ಚಳ. ಬಿಸಿ ತಾಗಿಸಿ ಅಂಟಿಸುವಾಗ ಶಾಖ ತುಸು ಹೆಚ್ಚಾದರೆ ಕಾಲುವೆಯೇ ಕುಸಿದು ಮುಚ್ಚುತ್ತದೆ, ತುಸು ಕಡಿಮೆಯಾದರೆ ಸೋರುತ್ತದೆ. ಲಕ್ಷ ಚಿಪ್‌ಗಳಲ್ಲಿ ಒಂದೂ ಸೋರಬಾರದು. ಯಾಕೆಂದರೆ ಸೋರಿದ ಒಂದು ಚಿಪ್ ಒಬ್ಬ ರೋಗಿಗೆ ತಪ್ಪು ಉತ್ತರ ಕೊಟ್ಟೀತು.

ಈ ಸವಾಲುಗಳನ್ನು ಗೆದ್ದವೂ ಇವೆ. ಕ್ಷಯ ಪತ್ತೆಗೆ 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್‌ನಲ್ಲಿ ಕಫದ ಮಾದರಿಯನ್ನು ಪ್ಲಾಸ್ಟಿಕ್ ಕಾರ್ಟ್ರಿಜ್‌ಗೆ ಹಾಕಿದರೆ ಮುಂದಿನದೆಲ್ಲ ಅದರೊಳಗೇ ನಡೆದು, ಎರಡು ಗಂಟೆಯೊಳಗೆ ಉತ್ತರ ಬರುತ್ತದೆ. ಆದರೆ ಆ ಕಾರ್ಟ್ರಿಜ್‌ನ ಬೆಲೆ ಬಡ ದೇಶಗಳಿಗೂ ವರ್ಷಾನುಗಟ್ಟಲೆ 9.98 ಡಾಲರ್ ಇತ್ತು, ಅದು 7.97ಕ್ಕೆ ಇಳಿಯಲು 2023 ಬರಬೇಕಾಯಿತು. ಇದಕ್ಕೆ ನಮ್ಮದೇ ಉತ್ತರ ಟ್ರೂನ್ಯಾಟ್. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ಬೆಳೆದು, ಗೋವಾದ ಮೋಲ್‌ಬಯೋ ಕಂಪನಿಯ ಮೂಲಕ ಹೊರಬಂದ ಈ ಯಂತ್ರ ಬ್ಯಾಟರಿಯಲ್ಲೂ ನಡೆಯುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಒಪ್ಪಿತು. ಕೋವಿಡ್ ಕಾಲದಲ್ಲಿ ಈ ಹೆಸರನ್ನು ಹಲವರು ಕೇಳಿರಬಹುದು. ಬೆಂಗಳೂರಿನದೇ ಅಚಿರಾ ಲ್ಯಾಬ್ಸ್ ತಂಡ 2011ರಲ್ಲಿ ಇನ್ನೂ ಬೇರೆ ದಾರಿ ಹಿಡಿದು, ರಾಸಾಯನಿಕ ಹಚ್ಚಿದ ರೇಷ್ಮೆ ನೂಲನ್ನು ಮಗ್ಗದಲ್ಲಿ ನೇಯ್ದು ಪರೀಕ್ಷಾ ಪಟ್ಟಿ ಮಾಡಿ ತೋರಿಸಿತು. ರೇಷ್ಮೆಯೂ ಒಂದು ಪಾಲಿಮರೇ ಅಲ್ಲವೇ!

ನಮ್ಮಲ್ಲಿ ಜಾಣ ವಿಜ್ಞಾನಿಗಳಿಗೆ ಕೊರತೆಯಿಲ್ಲ. ಉಕ್ಕಿನ ಅಚ್ಚನ್ನು ಮೈಕ್ರಾನ್ ಲೆಕ್ಕದಲ್ಲಿ ಕೊರೆಯಬಲ್ಲ ಕೈಗಳೂ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿವೆ. 1972ರಿಂದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಅಂಥವರನ್ನು ತಯಾರು ಮಾಡುತ್ತಲೇ ಬಂದಿದೆ. ಈ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸುವ ಹಣ ಬೇಕು. ಸಂಶೋಧನೆಗೆ ಅನುದಾನ ಕೊಡುವವರು ಅಚ್ಚು ಮಾಡಿಸುವ ಖರ್ಚನ್ನೂ ಅದರಲ್ಲಿ ಸೇರಿಸಲಿ. ಮೊದಲ ಸಾವಿರ ಚಿಪ್‌ಗಳನ್ನು ರಾಯಚೂರಿನ ಬೇಸಿಗೆಯಲ್ಲಿ, ಫ್ರಿಜ್ ಇಲ್ಲದ ಕೋಣೆಯಲ್ಲಿ ಆರು ತಿಂಗಳು ಇಟ್ಟು ಪರೀಕ್ಷಿಸುವ ಖರ್ಚನ್ನೂ ಸೇರಿಸಲಿ.