ಚಳಿಗಾಲಕ್ಕೆ ಬಂದ ಬೂದು ಸಿಪಿಲೆ

ದೊಡ್ಡಗದ್ದವಳ್ಳಿಗೆ 12ನೇ ಶತಮಾನದ ಲಕ್ಷ್ಮೀದೇವಿ ಗುಡಿ ನೋಡಲು ಬಂದವರು ಹಾಗೇ ಹೊರಟುಬಿಡಬೇಡಿ. ಪಕ್ಕದಲ್ಲೇ ಕೆರೆಯಿದೆ. ಮಳೆ ಮುಗಿದು ಚಳಿ ಶುರುವಾಗುವ ಈ ದಿನಗಳಲ್ಲಿ ಅದರ ದಡ ನೋಡಿ.

ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವ ಹಕ್ಕಿ ಕಂಡರೆ ಅದು ಸಿಪಿಲೆ. ಕಪ್ಪು ಬಿಳುಪು ಮೈ, ಕಣ್ಣಿನ ಮೇಲೆ ಬಿಳಿ ಹುಬ್ಬು ಇದ್ದರೆ ಅದು ವರ್ಷವಿಡೀ ಇಲ್ಲೇ ಇರುವ ನಮ್ಮೂರಿನದು. ಬೆನ್ನು ಬೂದು, ಬಾಲದ ಬುಡ ಹಳದಿ ಇದ್ದರೆ? ಅದು ಬೂದು ಸಿಪಿಲೆ. ಹಿಮಾಲಯದ, ಇಲ್ಲವೇ ಅದರಾಚೆಯ ತೊರೆಗಳ ಬಳಿ ಮರಿ ಮಾಡಿ ಇಲ್ಲಿಯವರೆಗೆ ಹಾರಿ ಬಂದದ್ದು. ತೂಕ 20 ಗ್ರಾಂ ಆಸುಪಾಸು, ಅಷ್ಟೇ!

ಹೊರಡಲು ಚಳಿಯೊಂದೇ ಕಾರಣವಲ್ಲ. ಹಗಲು ಕಿರಿದಾಗುತ್ತಿದ್ದಂತೆ ದೇಹ ಪಯಣಕ್ಕೆ ಸಜ್ಜಾಗುತ್ತದೆ. ಅಲ್ಲಿ ಹುಳುಹುಪ್ಪಟೆ ಕಡಿಮೆಯಾಗುತ್ತವೆ, ಇಲ್ಲಿ ಧಾರಾಳ. ಕೆರೆಯ ನೀರು ಇಳಿದಾಗ ತೆರೆದುಕೊಳ್ಳುವ ಕೆಸರಂಚೇ ಗದ್ದೆಗೊರವದಂಥ ವಲಸೆ ಹಕ್ಕಿಗಳ ಊಟದ ತಟ್ಟೆ. ಅದಕ್ಕೇ, ಯಾವುದೇ ಊರಲ್ಲಿ ಕೆರೆದಡದ ಸುತ್ತಲೂ ಕಲ್ಲು ಕಟ್ಟುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬೆಳಗ್ಗೆ ಬೇಗ ಬನ್ನಿ, ದೂರದಿಂದಲೇ ನೋಡಿ. ಕಂಡ ಹಕ್ಕಿಯ ಹೆಸರು, ದಿನಾಂಕವನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿ. ಯಾವ ಹಕ್ಕಿ ಯಾವ ವಾರ ಬಂತು, ಎಂದು ಮರಳಿತು ಎಂಬುದು ಗೊತ್ತಾಗುವುದು ಇಂಥ ದಾಖಲೆಗಳಿಂದಲೇ.