ಪಿಯುಸಿ ಪಾಸಾದರೂ ಹಳೇ ಪೆಟ್ರೋಲ್ ಲಾರಿ ಏರಿನಲ್ಲಿ ಮುಗ್ಗರಿಸುವುದೇಕೆ? ಕಾರ್ಬುರೇಟರ್ ಸ್ಕ್ರೂಗೆ ಕೈಹಾಕುವ ಮುನ್ನ ಇದನ್ನು ಓದಿ

ಥಾಣೆ: ಮುಂಬ್ರಾ ಬೈಪಾಸ್‌ನಲ್ಲಿ ಸಾಲುಗಟ್ಟಿ ನಿಲ್ಲುವ ಇಂದಿನ ಲಾರಿಗಳಲ್ಲಿ ಕಾರ್ಬುರೇಟರ್ ಸಿಗುವುದಿಲ್ಲ. ಹೆಚ್ಚಿನವು ಡೀಸೆಲ್. ಆದರೆ ಇದೇ ಸೆಂಟ್ರಲ್ ರೈಲು ಮಾರ್ಗದ ಕುರ್ಲಾದಲ್ಲಿ, ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಒಂದು ಕಾಲಕ್ಕೆ ಡಾಜ್ ಪೆಟ್ರೋಲ್ ಲಾರಿಗಳನ್ನು ಜೋಡಿಸಿ ಕೊಡುತ್ತಿತ್ತು. ಅಂಥ ಹಳೇ ಲಾರಿ, ಜೀಪುಗಳನ್ನು ಜತನದಿಂದ ಉಳಿಸಿಕೊಂಡವರಿಗೆ ಈಗಿನ ತಲೆನೋವು ಇ20 ಪೆಟ್ರೋಲ್.

ಕಾರಣ ಸರಳ. ಶುದ್ಧ ಪೆಟ್ರೋಲ್ ಒಂದು ಕೆಜಿ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಸುಮಾರು 13.5 ಕೆಜಿ ಸಾಕು. ಹೊಸ ವಾಹನದ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ, ಹಳೇ ಲೆಕ್ಕದಲ್ಲೇ ಇಂಧನ ಬಿಡುತ್ತದೆ. ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ, ಹೀಗೇ ಓಡಿಸಿದರೆ ವಾಲ್ವ್ ಸುಡುತ್ತದೆ.

ಆಗ ಹೆಚ್ಚಿನವರು ಮಾಡುವುದು ಮಿಶ್ರಣದ ಸ್ಕ್ರೂ ತಿರುಗಿಸುವುದು. ಅದು ತಪ್ಪಲ್ಲ, ಆದರೆ ಆ ಸ್ಕ್ರೂ ನೋಡಿಕೊಳ್ಳುವುದು ಐಡಲ್ ಮಾತ್ರ. ಭಾರ ಹೊತ್ತು ಏರು ಹತ್ತುವಾಗ ಇಂಧನ ಬರುವುದು ಮೇನ್ ಜೆಟ್‌ನಿಂದ. ಹಳೇ ಪೆಟ್ರೋಲ್ ವಾಹನದ ಪಿಯುಸಿ ತಪಾಸಣೆ ನಡೆಯುವುದೂ ಐಡಲ್‌ನಲ್ಲೇ: ಬಿಎಸ್-2ಕ್ಕೂ ಹಿಂದಿನ ನಾಲ್ಕು ಚಕ್ರದ ವಾಹನಕ್ಕೆ ಕಾರ್ಬನ್ ಮೋನಾಕ್ಸೈಡ್ ಶೇ 3 ಮೀರಬಾರದು. ಮಿಶ್ರಣ ತೆಳುವಾದಷ್ಟೂ ಈ ಅಂಕಿ ಇಳಿಯುತ್ತದೆ. ಹಾಗಾಗಿ ಕಲ್ಯಾಣ್‌ನಲ್ಲಿ ಪಿಯುಸಿ ಪಾಸಾದ ಗಾಡಿ ಘೋಡ್‌ಬಂದರ್ ರಸ್ತೆಯ ಗಾಯ್‌ಮುಖ್ ಏರಿನಲ್ಲಿ ಮುಗ್ಗರಿಸಿದರೆ ಆಶ್ಚರ್ಯವಿಲ್ಲ.

ಮೊದಲು ಏರ್ ಫಿಲ್ಟರ್, ಪಾಯಿಂಟ್ ಗ್ಯಾಪ್, ಟೈಮಿಂಗ್ ಸರಿ ಇವೆಯೇ ನೋಡಿ. ಮ್ಯಾನಿಫೋಲ್ಡ್ ಬಳಿ ಗಾಳಿ ಸೋರುತ್ತಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಎಂಜಿನ್ ನಿಲ್ಲಿಸಿ, ಸ್ಕ್ರೂವನ್ನು ಹಗುರವಾಗಿ ಪೂರ್ತಿ ಒಳಕ್ಕೆ ತಿರುಗಿಸಿ (ಬಿಗಿದರೆ ಸೂಜಿಯಂಥ ತುದಿ ಕೆಡುತ್ತದೆ), ಒಂದೂವರೆ ಸುತ್ತು ಹೊರಕ್ಕೆ ತನ್ನಿ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಚೋಕ್ ಪೂರ್ತಿ ತೆರೆದ ಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ ಸದ್ದು ಅತಿ ನಯವಾಗುವ ಜಾಗ ಹುಡುಕಿ. ವೇಗ ಹೆಚ್ಚಾದರೆ ಥ್ರಾಟಲ್ ಸ್ಕ್ರೂನಿಂದ ಇಳಿಸಿ. ಕೆಲವು ಕಾರ್ಬುರೇಟರ್‌ಗಳಲ್ಲಿ ಈ ಸ್ಕ್ರೂ ಇಂಧನದ ಬದಲು ಗಾಳಿಯನ್ನು ಅಳೆಯುತ್ತದೆ, ಅಲ್ಲಿ ದಿಕ್ಕು ತಿರುವುಮುರುವು.

ಇನ್ನು ಮೇನ್ ಜೆಟ್. ಏರು ಹತ್ತಿಸಿ, ಐಡಲ್‌ನಲ್ಲಿ ಬಿಡದೆ ಸುರಕ್ಷಿತ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ. ತಿಳಿಗಂದು ಬಣ್ಣವಿದ್ದರೆ ಸರಿ, ಮಸಿ ಹಿಡಿದಿದ್ದರೆ ಇಂಧನ ಹೆಚ್ಚು, ಸುಣ್ಣದಂತೆ ಬಿಳಿಯಾಗಿದ್ದರೆ ಕಡಿಮೆ. ಬಿಳಿಯಾಗಿದ್ದರೆ ಜೆಟ್ ಬದಲಿಸಬೇಕು. ಸೋಲೆಕ್ಸ್ ಜೆಟ್ ಮೇಲಿನ 120 ಎಂದರೆ ರಂಧ್ರ 1.20 ಮಿ.ಮೀ. ಇ20ಗೆ ಬೇಕಾಗುವ ಸುಮಾರು ಶೇ 8 ಹೆಚ್ಚುವರಿ ಇಂಧನಕ್ಕೆ 125ರ ಜೆಟ್ ಸಾಕಾಗುತ್ತದೆ. ತಂತಿ ತೂರಿಸಿ ರಂಧ್ರ ಹಿಗ್ಗಿಸುವ ಗ್ಯಾರೇಜ್ ಉಪಾಯಕ್ಕೆ ಒಪ್ಪಬೇಡಿ, ಅಳತೆ ಕೈತಪ್ಪುತ್ತದೆ. ಜೆಟ್ ಬದಲಿಸಿದ ಮೇಲೆ ಅದೇ ಏರಿನಲ್ಲಿ ಮತ್ತೊಮ್ಮೆ ಪ್ಲಗ್ ನೋಡಿ.

ಎಥೆನಾಲ್ ನೀರು ಹೀರುತ್ತದೆ ಎಂಬುದು ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಡೊಂಬಿವಲಿಯಲ್ಲೋ ನವಿ ಮುಂಬೈನಲ್ಲೋ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕ್‌ನೊಂದಿಗೆ ನಿಂತ ಗಾಡಿಯಲ್ಲಿ ನೀರು ಬೇರ್ಪಟ್ಟು ತಳ ಸೇರಬಹುದು. ಶ್ರುತಿ ಮಾಡುವ ಮುನ್ನ ಫ್ಲೋಟ್ ಬೌಲ್ ಬಸಿದು ನೋಡಿ, ಹಳೇ ರಬ್ಬರ್ ಪೈಪ್, ಪಂಪ್ ಡಯಾಫ್ರಾಮ್ ಬಿರುಕು ಬಿಟ್ಟಿದ್ದರೆ ಎಥೆನಾಲ್ ತಾಳುವಂಥವನ್ನು ಹಾಕಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ ಹತ್ತಲು ಒಂದು ಕಿಡಿ ಸಾಕು.