ಅಟ್ಟದಿಂದ ಇಳಿದ ಗಾಜು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹಳೆಯ ಮಾಳಿಗೆ ಮನೆ ಕೆಡವಿ ತಾರಸಿ ಕಟ್ಟುವಾಗ ಮೊದಲು ಅಂಗಳಕ್ಕೆ ಬರುವುದು ಅಟ್ಟದ ಸಾಮಾನು. ತಾಮ್ರದ ಹಂಡೆ, ಹಿತ್ತಾಳೆ ಕೊಳಗಗಳಿಗೆ ಅಣ್ಣತಮ್ಮಂದಿರಲ್ಲಿ ಪಾಲು ನಡೆಯುತ್ತದೆ. ತೂಕಕ್ಕೆ ಏನು ಬೆಲೆಯೆಂದು ಎಲ್ಲರಿಗೂ ಗೊತ್ತು. ಗಾಜಿನ ದೀಪ, ಸೀಸೆ, ಬಟ್ಟಲುಗಳನ್ನು ಕೇಳುವವರಿಲ್ಲ. ಅವು ಗುಜರಿಯವನ ಚೀಲ ಸೇರುತ್ತವೆ, ಇಲ್ಲವೇ ‘ಬೆಲ್ಜಿಯಂ ಗಾಜು, ಲಕ್ಷ ಬಾಳುತ್ತದೆ’ ಎಂಬ ಮಾತಿನೊಡನೆ ಮತ್ತೆ ಪೆಟ್ಟಿಗೆಯೊಳಗೆ ಹೋಗುತ್ತವೆ. ಎರಡೂ ಅವಸರದ ತೀರ್ಮಾನವೇ.

ನಮ್ಮಲ್ಲಿ ದಪ್ಪನೆಯ ಬಣ್ಣದ ಗಾಜೆಲ್ಲ ಬೆಲ್ಜಿಯಂನದೇ ಎಂಬ ನಂಬಿಕೆ ಉಂಟು. ಆದರೆ ಇಂಗ್ಲೆಂಡ್, ಜರ್ಮನಿ, ಬೊಹೀಮಿಯಾ, ಜಪಾನುಗಳಿಂದಲೂ ಗಾಜು ಬರುತ್ತಿತ್ತು. ಸ್ವದೇಶಿ ಮಾಲೂ ಇತ್ತು: ಮಹಾರಾಷ್ಟ್ರದ ಕರಾಡ್ ಬಳಿ 1916ರಲ್ಲಿ ಆರಂಭವಾದ ಓಗಲೆ ಗಾಜಿನ ಕಾರ್ಖಾನೆಯ ‘ಪ್ರಭಾಕರ್’ ಕಂದೀಲು ಹೆಸರುವಾಸಿಯಾಗಿತ್ತು.

ಆದ್ದರಿಂದ ಮೊದಲು ನೋಡಬೇಕಾದದ್ದು ತಳವನ್ನು. ಚೆಕೊಸ್ಲೊವಾಕಿಯಾ ಎಂದಿದ್ದರೆ ಅದು 1918ಕ್ಕಿಂತ ಹಿಂದಿನದಲ್ಲ, ಆ ದೇಶ ಹುಟ್ಟಿದ್ದೇ ಆಗ. ಮೈಸೂರು ರಾಜ್ಯದ ಹೆಸರಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗಿಂತ ಹಿಂದಿನದು. ಸೀಸೆಯ ಮೇಲೆ ಊರಿನ ಹೆಸರು ಇಂಗ್ಲಿಷಿನಲ್ಲಿ ‘ಚಿತಲ್‌ಡ್ರೂಗ್’ ಎಂದು ಅಚ್ಚಾಗಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು; ಬ್ರಿಟಿಷರ ಕಾಲದ ಬರವಣಿಗೆ ಅದು. ಅಕ್ಷರ ಗಾಜಿನಲ್ಲೇ ಉಬ್ಬಿರಬೇಕು. ಚೀಟಿಯನ್ನು ಯಾರು ಯಾವಾಗ ಬೇಕಾದರೂ ಅಂಟಿಸಬಹುದು.

ಗೋಲಿ ಸೋಡಾ ಸೀಸೆಯ ವಿಷಯ ಇನ್ನೂ ಸ್ವಾರಸ್ಯದ್ದು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಯ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ, ಬಿರಡೆಯೇ ಬೇಡ. ಕತ್ತಿನಲ್ಲಿರುವ ತಗ್ಗುಗಳು ಸೋಡಾ ಬಗ್ಗಿಸುವಾಗ ಗೋಲಿ ಬಾಯಿಗೆ ಬರದಂತೆ ತಡೆಯುತ್ತವೆ. ಗೋಲಿಯ ಆಸೆಗೆ ಹುಡುಗರು ಒಡೆದ ಸೀಸೆಗಳಿಗೆ ಲೆಕ್ಕವಿಲ್ಲ. ಆದರೆ ಇಂಥ ಸೀಸೆ ಈಗಲೂ ತಯಾರಾಗುತ್ತದೆ. ಗೋಲಿ ಇದೆಯೆಂದ ಮಾತ್ರಕ್ಕೆ ಹಳೆಯದಲ್ಲ. ಸಂಗ್ರಾಹಕರು ಹುಡುಕುವುದು ಊರಿನ, ಸೋಡಾ ಕಾರ್ಖಾನೆಯ ಹೆಸರು ಉಬ್ಬಿರುವ ಸೀಸೆಯನ್ನು.

ಸಾಮಾನ್ಯ ಸೀಸೆಯಾದರೆ ಪಕ್ಕದ ಅಚ್ಚಿನ ಗೆರೆಯನ್ನು ನೋಡಬಹುದು. ಗೆರೆ ಬಾಯಿಯ ಅಂಚಿನವರೆಗೂ ಹತ್ತಿದ್ದರೆ ಯಂತ್ರದ್ದು. ಕತ್ತಿನಲ್ಲೇ ನಿಂತಿದ್ದರೆ ಬಾಯಿಯನ್ನು ಕೈಯಲ್ಲಿ ಮಾಡಿದ್ದು. ಅಮೆರಿಕದಲ್ಲಿ ಓವೆನ್ಸ್‌ನ ಯಂತ್ರ 1903ರ ಹೊತ್ತಿಗೆ ಬಂತು. ಭಾರತದಲ್ಲಿ ಕೈಕೆಲಸ ಬಹುಕಾಲ ಉಳಿದಿದ್ದರಿಂದ ಇದೊಂದರಿಂದಲೇ ವಯಸ್ಸು ಹೇಳಲಾಗದು. ತಳದಲ್ಲಿ ಅಡ್ಡಾದಿಡ್ಡಿ ಸವೆದ ಗೀರುಗಳಿದ್ದರೆ ಬಳಸಿದ ವಸ್ತು. ಎಲ್ಲ ಗೀರುಗಳೂ ಒಂದೇ ದಿಕ್ಕಿನಲ್ಲಿದ್ದರೆ ಉಪ್ಪುಕಾಗದದ ಕೆಲಸವಿರಬಹುದು.

ಬೆಲೆಗೆ ಸಿದ್ಧ ಪಟ್ಟಿಯಿಲ್ಲ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗಾಜು ಎಗರಿದ್ದರೂ ಬೆಲೆ ಇಳಿಯುತ್ತದೆ. ದೀಪಕ್ಕೆ ಅದರದೇ ಗಾಜು ಇರಬೇಕು, ಜೋಡಿಯಾದರೆ ಎರಡೂ ಇರಬೇಕು. ಅಂಗಡಿಯವರು ಹೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ, ಎರಡನೆಯದನ್ನಷ್ಟೇ ನಂಬಬೇಕು. ಎಷ್ಟೋ ವಸ್ತುಗಳಿಗೆ ನೂರಿನ್ನೂರು ರೂಪಾಯಿಯೂ ಹುಟ್ಟುವುದಿಲ್ಲ. ಅಂಥವನ್ನು ಮಾರುವುದಕ್ಕಿಂತ ಇಟ್ಟುಕೊಳ್ಳುವುದೇ ಲೇಸು.

ಯಾರ ಮದುವೆಗೆ, ಯಾವ ಊರಿನಿಂದ, ಯಾರು ತಂದದ್ದು ಎಂಬುದು ಸಾಮಾನ್ಯವಾಗಿ ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ನೆನಪಿರುತ್ತದೆ. ಪಾಲಿನ ಮಾತಿಗೆ ಅವರನ್ನು ಕರೆಯದಿದ್ದರೂ ಈ ಮಾತಿಗೆ ಕರೆಯಲೇಬೇಕು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ವಸ್ತುವಿನ ಜೊತೆಗಿಡಬೇಕು. ಕೊಳ್ಳುವವರೂ ಅದನ್ನು ಕೇಳುತ್ತಾರೆ. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯಡಿ ಬರುವುದರಿಂದ, ಅಂಥದ್ದನ್ನು ವಿದೇಶದಲ್ಲಿರುವ ಮಗನ ಪೆಟ್ಟಿಗೆಯಲ್ಲಿ ತುಂಬಿ ಕಳಿಸುವಂತಿಲ್ಲ.